ಗಜಲಹಟ್ಟಿ ಇಳಿದು ಅತ್ತೆಯ ಮನೆಗೆ

ನಮ್ಮೂರಿಂದ ತೆಂಗುಮರಹಾಡಕ್ಕೆ ಹೋಗಲು ಎರಡು ದಾರಿ ಇದ್ದವು. ಒಂದು ಬಸ್ಸಿನದು. ತಲಮಲೆಯಿಂದ ದಿಂಬಂ, ದಿಂಬಂ ಘಾಟಿಯ 27 ತಿರುವು ಇಳಿದು ಬಣ್ಣಾರಿ, ಆಮೇಲೆ ಸತ್ಯಮಂಗಲ, ಭವಾನಿಸಾಗರ, ಅಲ್ಲಿಂದ ಕಾಡಿನೊಳಗಿನ ಮಣ್ಣು ರಸ್ತೆಯಲ್ಲಿ ಮಾಯಾರು ಹೊಳೆಯ ದಡ. ಬೆಳಿಗ್ಗೆ ಮೊದಲ ಬಸ್ಸು ಹಿಡಿದರೂ ಭವಾನಿಸಾಗರದಲ್ಲಿ ಒಳಕ್ಕೆ ಹೋಗುವ ಬಸ್ಸು ತಪ್ಪಿದರೆ ಅಲ್ಲೇ ಮಲಗಬೇಕು. ಇನ್ನೊಂದು ಕಾಲುದಾರಿ. ಗುಡ್ಡದ ಅಂಚಿನಿಂದ ಗಜಲಹಟ್ಟಿಗೆ ಇಳಿದು, ಹೊಳೆಯ ಪಕ್ಕದಲ್ಲೇ ಪಡುವಣಕ್ಕೆ ನಡೆದರೆ ಕತ್ತಲಾಗುವುದರೊಳಗೆ ಮುಟ್ಟಬಹುದು. ಈ ಎರಡನೆಯ ದಾರಿ ಈಗ ಇಲ್ಲ. ನಾನು ಅದರಲ್ಲಿ ಐದಾರು ಸಲ ನಡೆದಿದ್ದೇನೆ. ಮೊದಲ ಸಲ ನಡೆದದ್ದು 1985ರಲ್ಲಿ, ಶಿವರಾತ್ರಿ ಕಳೆದ ವಾರ. ಆ ದಿನದ ವಿಷಯ ಬರೆಯಬೇಕು ಅಂತ ಬಹಳ ವರ್ಷದಿಂದ ಅಂದುಕೊಂಡಿದ್ದೆ. ಬರೆಯದೆ ಇದ್ದದ್ದಕ್ಕೂ ಕಾರಣ ಇದೆ, ಮುಂದೆ ಓದಿದರೆ ತಿಳಿಯುತ್ತದೆ.

ಆಗ ನನಗೆ 19 ವರ್ಷ. ಅಪ್ಪನ ತಂಗಿ, ನನ್ನ ಅತ್ತೆ, ಮದುವೆಯಾದ ಮೇಲೆ ಗಂಡನ ಜೊತೆ ಗದ್ದೆ ಕೆಲಸಕ್ಕೆಂದು ತೆಂಗುಮರಹಾಡಕ್ಕೆ ಇಳಿದು ಹೋದವಳು ಅಲ್ಲೇ ನಿಂತುಬಿಟ್ಟಿದ್ದಳು. ತಾತ ತೀರಿಕೊಂಡಾಗ ಬಂದಿದ್ದಳು. ತಿಥಿಯ ದಿನ ಅಪ್ಪನಿಗೂ ಅವಳಿಗೂ ಏನೋ ಮಾತು ಬೆಳೆಯಿತಂತೆ. ಆಮೇಲೆ 11 ವರ್ಷ ಅವಳು ಗುಡ್ಡ ಹತ್ತಲಿಲ್ಲ, ನಮ್ಮ ಮನೆಯವರು ಯಾರೂ ಇಳಿಯಲಿಲ್ಲ.

ನಾನು ಹೊರಟಿದ್ದು ನೆಂಟಸ್ತನಕ್ಕಲ್ಲ. ತಾತನ ಹೆಸರಲ್ಲಿ ಮೂರು ಎಕರೆ ಹೊಲ ಇತ್ತು. ಅಪ್ಪ ಬಾವಿ ತೆಗೆಸಲು ಸಾಲ ಕೇಳಿದ್ದ. ಪಟ್ಟಾ ಅಪ್ಪನೊಬ್ಬನ ಹೆಸರಿಗೆ ಬಂದರೆ ಮಾತ್ರ ಸಾಲ, ಅದಕ್ಕೆ ತಂಗಿಯ ಒಪ್ಪಿಗೆ ಬೇಕು ಎಂದರಂತೆ. ಹಿಂದಿನ ರಾತ್ರಿ ಅಪ್ಪ ಒಂದು ಪತ್ರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೊಟ್ಟ, ಶಾಯಿಯ ಪುಟ್ಟ ಡಬ್ಬಿಯನ್ನೂ ಕೊಟ್ಟ. "ಅವ್ವುಂಗೆ ಮೈ ಸರಿಲ್ಲ ಅನ್ನು. ಪಟ್ಟಾದಲ್ಲಿ ಹೆಸರು ಸರಿ ಮಾಡ್ಸೋಕೆ ಅಂತೇಳಿ ಹೆಬ್ಬೆಟ್ಟು ಹಾಕ್ಸ್ಕಂಡ್ ಬಾ. ರಿಜಿಸ್ಟ್ರಿ ಆಮೇಲ್ ನೋಡಮ" ಅಂದ. ಅಜ್ಜಿ ಪಕ್ಕದ ಕೋಣೆಯಲ್ಲಿ ಅವರೆಕಾಳು ಬಿಡಿಸುತ್ತ ಕೂತಿದ್ದಳು, ಗಟ್ಟಿಮುಟ್ಟಾಗೇ ಇದ್ದಳು.

ಪತ್ರ ತಮಿಳಿನಲ್ಲಿತ್ತು. ನಮ್ಮ ಕಡೆಯ ಇಕ್ಕಟ್ಟು ನಿಮಗೆಲ್ಲ ಗೊತ್ತೇ ಇದೆ. 1956ರಲ್ಲಿ ರಾಜ್ಯಗಳ ಗಡಿ ಹಾಕಿದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಉಳಿಯಿತು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಬಸ್ಸಿನ ಬೋರ್ಡು ಬಿಟ್ಟರೆ ತಮಿಳು ಓದಲು ಬರುತ್ತಿರಲಿಲ್ಲ. ಅಂದರೆ ನಾನು ಹೊತ್ತುಕೊಂಡು ಹೋದದ್ದು ನಾನೇ ಓದದ ಪತ್ರ.

ಜೊತೆಗೆ ಬಂದವನು ದೊಡ್ಡಿ ತಾತ. ಅವನಿಗೆ ಬೇರೆ ಹೆಸರಿತ್ತು, ಆದರೆ ಊರೆಲ್ಲ ಹಾಗೇ ಕರೆಯುತ್ತಿತ್ತು. ಚಿಕ್ಕಂದಿನಿಂದ ಕಣಿವೆಯಲ್ಲಿ ದನದ ದೊಡ್ಡಿ ಹಾಕಿಕೊಂಡು ಮಳೆಗಾಲ ಬೇಸಿಗೆ ಅಲ್ಲೇ ಕಳೆದವನು. ಕೋಳಿ ಕೂಗುವ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲೊಂದು ಮಚ್ಚು, ಹೆಗಲಲ್ಲಿ ಕಂಬಳಿ. ಅವ್ವ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕಟ್ಟಿಕೊಟ್ಟಳು.

ಬೆಳಕು ಹರಿಯುವಾಗ ಗುಡ್ಡದ ಅಂಚಿಗೆ ಬಂದೆವು. ಅಲ್ಲಿ ನೆಲ ಕತ್ತರಿಸಿದ ಹಾಗೆ ಮುಗಿಯುತ್ತದೆ. ಕೆಳಗೆ ಸುಮಾರು 2000 ಅಡಿ ಇಳಿತ, ಮಂಜಿನ ಹಾಸು, ಅದರ ಆಚೆಗೆ ನೀಲಗಿರಿ ಗೋಡೆಯ ಹಾಗೆ ಎದ್ದು ನಿಂತಿದೆ. ರಂಗಸ್ವಾಮಿ ಬೆಟ್ಟದ ತಲೆಗೆ ಮಾತ್ರ ಬಿಸಿಲು ಬಿದ್ದಿತ್ತು. ಮೂಡಲ ದಿಕ್ಕಿಗೆ ತಟ್ಟೆ ಬೆಳಗಿದ ಹಾಗೆ ಹೊಳೆಯುತ್ತಿದ್ದದ್ದು ಭವಾನಿಸಾಗರದ ನೀರು. ತಾತ ಅತ್ತ ಕೈ ತೋರಿಸಿ, "ಅದರ ತಳ್ದಲ್ಲಿ ದಣ್ಣಾಯಕನ ಕೋಟೆ ಅದೆ. ನೀರು ಬತ್ತಿದ್ ವರ್ಸ ದೇವಸ್ತಾನ ಎದ್ ಕಾಣ್ತದೆ" ಅಂದ.

ದಣ್ಣಾಯಕರು ಹೊಯ್ಸಳರ ಕಾಲದವರು, ತೆರಕಣಾಂಬಿಯ ಕಡೆಯಿಂದ ಈ ಸೀಮೆಯನ್ನೆಲ್ಲ ಆಳಿದವರು. ನೀಲಗಿರಿಯನ್ನು ಗೆದ್ದವರು ಅಂತ ಬಿರುದು ಇಟ್ಟುಕೊಂಡಿದ್ದರು. 1948ರಲ್ಲಿ ಶುರುವಾದ ಅಣೆಕಟ್ಟು 1955ರಲ್ಲಿ ಮುಗಿದಾಗ ಅವರ ಕೋಟೆ ನೀರಿನಡಿಗೆ ಹೋಯಿತು. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ತಾತನಿಗೆ ಕೋಟೆಯ ಗೋಡೆಯ ಮೇಲೆ ಆಡು ಮೇಯಿಸಿದ ನೆನಪೇ ಇತ್ತು.

ಇಳಿಯುವುದು ಸುಲಭ ಅಂತ ನಾನು ತಿಳಿದಿದ್ದೆ. ಮೊದಲ ಅರ್ಧ ಗಂಟೆ ಹಾಗೇ ಇತ್ತು. ದಿಂಡಿಗ, ಹೊನ್ನೆ, ನೆಲ್ಲಿ ಮರಗಳ ನಡುವೆ ನೆರಳಿನ ದಾರಿ, ಅಲ್ಲಲ್ಲಿ ದೊಡ್ಡ ಕಲ್ಲು ಹಾಸಿದ ಹಾಗೆ ಕಾಣುತ್ತಿತ್ತು. "ಟಿಪ್ಪು ಸುಲ್ತಾನ ಫಿರಂಗಿ ಇಳಿಸಿದ ದಾರಿ ಕನಾ ಇದು" ಎಂದ ತಾತ. ಹಾಸಿದ ಕಲ್ಲೋ ತಾನೇ ಉರುಳಿ ಬಿದ್ದ ಕಲ್ಲೋ ನಾನು ಹೇಳಲಾರೆ. ಆದರೆ ಗಜಲಹಟ್ಟಿ ಘಾಟಿ ಮೈಸೂರು ಸೀಮೆಯಿಂದ ಕೊಯಮತ್ತೂರು ಸೀಮೆಗೆ ಇಳಿಯುವ ಹಳೆಯ ದಾರಿ ಎನ್ನುವುದು ನಿಜ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ದಂಡು ಈ ಘಾಟಿ ಇಳಿದೇ ಸತ್ಯಮಂಗಲದ ಹತ್ತಿರ ಇಂಗ್ಲಿಷರ ಕರ್ನಲ್ ಫ್ಲಾಯ್ಡನ ಮೇಲೆ ಬಿದ್ದದ್ದು. ಎತ್ತು, ಒಂಟೆ, ಫಿರಂಗಿ ಎಲ್ಲ ಇಳಿದ ಜಾಗದಲ್ಲಿ ನಾನು ಒಂದು ಕೈಚೀಲ ಹಿಡಿದು ಇಳಿಯಲು ಒದ್ದಾಡುತ್ತಿದ್ದೆ.

ಯಾಕೆಂದರೆ ನೆರಳು ಮುಗಿದ ಮೇಲೆ ಬರೀ ಜಲ್ಲಿ. ಕಾಲಿಟ್ಟರೆ ಕಲ್ಲು ಜಾರುತ್ತದೆ, ಹಿಡಿಯಲು ಹೋದರೆ ಕಾರೆ ಮುಳ್ಳು. ತಾತ ಅಡ್ಡಡ್ಡ ಹೆಜ್ಜೆ ಹಾಕಿ ಮೇಕೆಯ ಹಾಗೆ ಇಳಿಯುತ್ತಿದ್ದ. ನಾನು ನೆಟ್ಟಗೆ ಇಳಿಯಲು ಹೋಗಿ ಒಂದು ತಿರುವಿನಲ್ಲಿ ಜಾರಿ, ಬಲಗಾಲು ಕಲ್ಲಿನ ಸಂದಿಗೆ ಸಿಕ್ಕಿ ಉಳುಕಿತು. ಬಿದ್ದಾಗ ಮೊದಲು ಮುಟ್ಟಿ ನೋಡಿಕೊಂಡದ್ದು ಕಾಲನ್ನಲ್ಲ, ಅಂಗಿಯೊಳಗಿನ ಪತ್ರವನ್ನು. ತಾತ ಅದನ್ನು ನೋಡಿದ. ಏನೂ ಕೇಳಲಿಲ್ಲ. ತಲೆಯ ಟವೆಲ್ಲು ಹರಿದು ಪಾದಕ್ಕೆ ಬಿಗಿಯಾಗಿ ಸುತ್ತಿ, ಒಂದು ಕೋಲು ಕಡಿದುಕೊಟ್ಟ. "ಹಿಂದಕ್ ಹೋಗದಾದ್ರೆ ಈಗ್ಲೇ ಯೋಳು. ಕೆಳಕ್ಕೋದ್ ಮ್ಯಾಲೆ ಮುಂದ್ಕೇ ವೋಗ್ಬೇಕು" ಅಂದ. ನಾನು ಮುಂದಕ್ಕೆ ಅಂದೆ.

ಕಣಿವೆಯ ತಳ ಬೇರೆಯೇ ದೇಶ. ಮೇಲೆ ಬೆಳಗಿನ ಚಳಿಗೆ ಕಂಬಳಿ ಹೊದ್ದವರಿಗೆ ಇಲ್ಲಿ ಹತ್ತು ಗಂಟೆಗೇ ಬೆವರು ಕಿತ್ತು ಬರುತ್ತಿತ್ತು. ನೀಲಗಿರಿಯ ಮರೆಯಲ್ಲಿ ಇರುವುದರಿಂದ ಇಲ್ಲಿ ಮಳೆ ಕಡಿಮೆ. ಜಾಲಿ, ಕಳ್ಳಿ, ಎಲೆ ಉದುರಿದ ಮುಳ್ಳುಗಿಡ, ಕೆಂಪು ನೆಲ. ಅಲ್ಲಲ್ಲಿ ಮುತ್ತುಗ ಹೂ ಬಿಟ್ಟು ಬೆಂಕಿ ಹತ್ತಿದ ಹಾಗೆ ನಿಂತಿತ್ತು. ಒಂದು ಬಯಲಿನಲ್ಲಿ ಕೃಷ್ಣಮೃಗದ ಹಿಂಡು ಕಂಡಿತು. ನಾವು ಕಂಡದ್ದೇ ಒಂದರ ಹಿಂದೆ ಒಂದು ಚೆಂಡು ಪುಟಿದಂತೆ ನೆಗೆದು ಹೋದವು. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ್ದು ಕಡಿಮೆ ನೋಡಿದ್ದೇನೆ, ಆದರೆ ಆ ಹೊತ್ತಿನಲ್ಲಿ ಕಾಲಿನ ನೋವೇ ದೊಡ್ಡದಾಗಿತ್ತು.

ಗಜಲಹಟ್ಟಿಯ ಹತ್ತಿರ ಹೊಳೆ ಸಿಕ್ಕಿತು. ಅಲ್ಲಿಂದ ನೀರನ್ನು ಎಡಕ್ಕಿಟ್ಟುಕೊಂಡು ಪಡುವಣಕ್ಕೆ ನಡೆಯಬೇಕು. ದಡದ ಉದ್ದಕ್ಕೂ ಹೊಳೆಮತ್ತಿಯ ಭಾರಿ ಮರಗಳು, ಬಿಳಿ ತೊಗಟೆ, ತಂಪು ನೆರಳು. ಅವುಗಳ ತುದಿಯಲ್ಲಿ ರಣಹದ್ದಿನ ಗೂಡುಗಳು. ಈಗ ದೇಶದಲ್ಲೆಲ್ಲ ರಣಹದ್ದು ಇಲ್ಲವಾಗಿ, ಉಳಿದಿರುವ ಕೆಲವೇ ಜಾಗಗಳಲ್ಲಿ ಮಾಯಾರು ಕಣಿವೆ ಒಂದು ಅನ್ನುತ್ತಾರೆ. ಆಗ ಅವನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ರೊಟ್ಟಿ ತಿನ್ನಲು ನಾನು ನೀರಿನ ಅಂಚಿಗೆ ಕೂರಲು ಹೋದರೆ ತಾತ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ಮರಳ ಮೇಲೆ ಒಣಗಿದ ದಿಮ್ಮಿಯ ಹಾಗೆ ಬಿದ್ದಿದ್ದು ಮೊಸಳೆ. ಅದೂ ನಮ್ಮನ್ನು ಕಂಡು ಮೆಲ್ಲಗೆ ನೀರಿಗೆ ಜಾರಿತು.

ಊಟ ಆದ ಮೇಲೆ ದಾರಿಯಲ್ಲಿ ಆನೆ ಲದ್ದಿ. ತಾತ ಹೆಬ್ಬೆರಳು ಊರಿ ನೋಡಿ ಬಿಸಿ ಇದೆ ಎಂದ. ಮುಂದಿನ ಒಂದು ಗಂಟೆ ನಾವಿಬ್ಬರೂ ಒಂದು ಬಂಡೆಯ ಮೇಲೆ ಸುಮ್ಮನೆ ಕೂತಿದ್ದೆವು. ಕೆಳಗೆ ಬಿದಿರಿನ ಮೆಳೆಯಲ್ಲಿ ಮುರಿಯುವ ಶಬ್ದ ಮಾತ್ರ ಕೇಳುತ್ತಿತ್ತು, ಆನೆ ಕಾಣಲಿಲ್ಲ. ಆ ಒಂದು ಗಂಟೆಯಲ್ಲಿ ತಾತ ಪಿಸುಗುಟ್ಟಿ ಕೇಳಿದ್ದು ಒಂದೇ ಮಾತು: "ನಿಮ್ಮಜ್ಜಿ ನೆನ್ನೆ ಸಂತೆಗೆ ಬಂದಿದ್ಲಲ್ಲ, ಮೈ ಸರಿಲ್ದೆ ಇದ್ದದ್ದು ಯಾವಾಗ?" ನಾನು ಉತ್ತರ ಕೊಡಲಿಲ್ಲ. ಆನೆ ಇನ್ನೂ ಸ್ವಲ್ಪ ಹೊತ್ತು ಹೋಗದಿರಲಿ ಅನ್ನಿಸಿತು.

ಹೀಗಾಗಿ ತೆಂಗುಮರಹಾಡದ ಕಡವಿಗೆ ಬರುವಾಗ ಹೊತ್ತು ಇಳಿದಿತ್ತು. ಊರು ಆಚೆ ದಡದಲ್ಲಿದೆ. ಸೇತುವೆ ಇಲ್ಲ. ಪರಿಸಲು, ಅಂದರೆ ಹರಿಗೋಲಿನಲ್ಲೇ ದಾಟಬೇಕು. ನಾವು ಬರುವ ಹೊತ್ತಿಗೆ ನೀರು ಏರಿತ್ತು. ಮಳೆ ಬಿದ್ದು ಮೂರು ತಿಂಗಳಾಗಿದೆ, ಆಕಾಶ ಖಾಲಿ, ಹೊಳೆ ಮಾತ್ರ ಕಂದು ಬಣ್ಣಕ್ಕೆ ತಿರುಗಿ ತುಂಬಿ ಬರುತ್ತಿದೆ. ಮಾಯಾರು ಅನ್ನುವ ಹೆಸರಿಗೆ ತಕ್ಕ ಹಾಗೇ ಇದೆ ಅಂದುಕೊಂಡೆ. ಕಾರಣ ಏನೆಂದರೆ ಮೇಲೆ ಪೈಕಾರದ ನೀರನ್ನು ಸಿಂಗಾರದಲ್ಲಿ ಒಮ್ಮೆ, ಮೋಯಾರ್ ವಿದ್ಯುತ್ ಕೇಂದ್ರದಲ್ಲಿ ಮತ್ತೊಮ್ಮೆ ಯಂತ್ರ ತಿರುಗಿಸಲು ಬಳಸಿ ಹೊಳೆಗೆ ಬಿಡುತ್ತಾರೆ. ಅಲ್ಲಿ ಕರೆಂಟು ಹೆಚ್ಚು ಬೇಕಾದರೆ ಇಲ್ಲಿ ನೀರು ಏರುತ್ತದೆ. ಊಟಿಯ ಕಡೆ ಯಾರೋ ದೀಪ ಹಾಕಿದರೆ ನಮ್ಮತ್ತೆಯ ಊರಿನವರು ದಡದಲ್ಲಿ ನಿಲ್ಲಬೇಕು.

ಪರಿಸಲಿನವನು ಆಚೆ ದಡದಿಂದಲೇ ಕೈ ಆಡಿಸಿ ಆಗದು ಅಂದ. ತಾತ ಬಾಯಿಗೆ ಕೈ ಕಟ್ಟಿ ಕೂಗಿ ಅತ್ತೆಯ ಗಂಡನ ಹೆಸರು ಹೇಳಿದ. ಒಬ್ಬ ಹುಡುಗ ಓಡಿದ. ಸ್ವಲ್ಪ ಹೊತ್ತಿಗೆ ಗದ್ದೆಯಿಂದ ಹಾಗೇ ಬಂದ ಒಬ್ಬ ಹೆಂಗಸು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದವಳು, ಆಚೆ ನಿಂತಳು. ನನಗೆ ಗುರುತು ಹತ್ತಲಿಲ್ಲ. ಅವಳು ನನ್ನನ್ನು ಕಂಡದ್ದು ಎಂಟು ವರ್ಷದ ಹುಡುಗನಾಗಿದ್ದಾಗ. ತಾತ ನನ್ನ ಅಪ್ಪನ ಹೆಸರು ಕೂಗಿ, ಅವನ ಮಗ ಅಂದ. ಆಮೇಲೆ ನನ್ನ ಕಡೆ ತಿರುಗಿ, "ಬಂದ ಇಸ್ಯ ನೀನೇ ಯೋಳು. ನಾ ಯೋಳಕಿಲ್ಲ" ಅಂದುಬಿಟ್ಟ.

ಎದುರಿಗೆ ಕೂತು ಮೆಲ್ಲಗೆ ಹೇಳುವ ಸುಳ್ಳು ಬೇರೆ. ಹೊಳೆಯ ಆಚೆಗೆ ಗಂಟಲು ಹರಿದು, ಎರಡೂ ದಡದ ಜನ ಕೇಳುವಂತೆ ಹೇಳುವ ಸುಳ್ಳು ಬೇರೆ. "ಅತ್ತೇ, ಅಜ್ಜಿಗೆ ಮೈ ಸರಿಯಿಲ್ಲ" ಅಂತ ಕೂಗಿದೆ. ನೀರಿನ ಸದ್ದಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೂಗಬೇಕಾಯಿತು. ಮೂರನೆಯ ಸಲಕ್ಕೆ ಕೇಳಿಸಿತು.

ಅವಳು ಹಾಗೇ ನೀರಿಗೆ ಇಳಿದಳು. ಸೊಂಟದ ಮಟ್ಟಕ್ಕೆ ಬಂದಾಗ ಪರಿಸಲಿನವನು ಬೈಯುತ್ತ ಓಡಿ ಬಂದು ಕೈ ಹಿಡಿದ. ಏನು ಮಾತಾಡಿಕೊಂಡರೋ ಕೇಳಲಿಲ್ಲ. ಅವನು ಪರಿಸಲನ್ನು ತಲೆಯ ಮೇಲೆ ಹೊತ್ತು ದಡದಲ್ಲೇ ಬಹಳ ಮೇಲಕ್ಕೆ ಹೋಗಿ, ಅಲ್ಲಿಂದ ನೀರಿಗೆ ಬಿಟ್ಟ. ಬುಟ್ಟಿಯಂಥ ಅದು ಗಿರ್ರನೆ ತಿರುಗುತ್ತ, ಸೆಳವಿನ ಜೊತೆಯೇ ಜಾರುತ್ತ, ನಮ್ಮ ದಡಕ್ಕೆ ಬಂದು ತಾಗಿತು. ಮತ್ತೆ ಹಾಗೇ ನಮ್ಮನ್ನು ಕರೆದುಕೊಂಡು ಹೋದ. ನಡುಹೊಳೆಯಲ್ಲಿ ಒಂದು ಕೊರಡು ಬಂದು ಬಡಿದಾಗ ಮೂವರೂ ಒಂದೇ ಕಡೆಗೆ ವಾಲಿದೆವು. ನನ್ನ ಒಂದು ಮಾತಿಗೆ ಆ ಮನುಷ್ಯ ಜೀವ ಪಣಕ್ಕಿಟ್ಟಿದ್ದ. ಅವನು ಅದಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ.

ಅತ್ತೆ ನನ್ನ ಕಾಲು ನೋಡಿದ್ದೇ, ಬೇರೆ ಯಾವ ಮಾತೂ ಆಡದೆ ಬಿಸಿ ಎಣ್ಣೆಗೆ ಅರಿಸಿನ ಹಾಕಿ ನೀವಿದಳು. ಅನ್ನ ಇಕ್ಕಿದಳು. ನಮ್ಮ ಮನೆಯಲ್ಲಿ ಅನ್ನ ಹಬ್ಬಕ್ಕೆ ಮಾತ್ರ, ಇಲ್ಲಿ ಗದ್ದೆಯ ಊರು, ದಿನಾ ಅನ್ನ. ನಾನು ತಿಂದೆ. ಅವಳು ತಿನ್ನಲಿಲ್ಲ, ಬೆಳಗಿನ ಜಾವ ಹೊರಡಲು ಬಟ್ಟೆ ಗಂಟು ಕಟ್ಟುತ್ತಿದ್ದಳು. ಆಗಲೇ ನಾನು ಪತ್ರ ತೆಗೆದೆ. ಈಗ ಕೇಳಿದರೆ ನನಗೇ ನಾಚಿಕೆ. ಆ ಹೊತ್ತಿನಲ್ಲಿ ಕೇಳಿಬಿಟ್ಟರೆ ಮುಗಿದು ಹೋಗುತ್ತದೆ ಅಂತ ಅನ್ನಿಸಿತ್ತು.

ಅತ್ತೆ ಓದಿದವಳಲ್ಲ. ಆದರೆ ಪತ್ರ ಹಿಡಿದುಕೊಂಡು ಎದುರು ಮನೆಗೆ ಹೋದಳು. ಅಲ್ಲಿದ್ದವರು ಬಡಗರ ಹಿರಿಯರು. ಆ ಊರನ್ನು ಕಟ್ಟಿದ್ದೇ ಹಾಗೆ. ಆಹಾರ ಬೆಳೆಯಿರಿ ಅಂತ ಸರ್ಕಾರ 1948ರಲ್ಲಿ ಸಹಕಾರ ಸಂಘ ಮಾಡಿಸಿ ಕಾಡಿನ ನಡುವೆ ಭೂಮಿ ಕೊಟ್ಟಾಗ ನೀಲಗಿರಿಯಿಂದ ಬಡಗರು ಇಳಿದು ಬಂದರು. ಅವರ ಮಾತು ನಮಗೆ ಮುಕ್ಕಾಲು ಪಾಲು ತಿಳಿಯುತ್ತದೆ, ನಮ್ಮದು ಅವರಿಗೆ ಪೂರ್ತಿ. ಆ ಹಿರಿಯರು ಕನ್ನಡಕ ಹಾಕಿಕೊಂಡು, ಲಾಟೀನು ಹತ್ತಿರ ಎಳೆದುಕೊಂಡು, ತಮಿಳನ್ನು ಒಂದೊಂದೇ ಸಾಲು ಓದಿ ಅರ್ಥ ಹೇಳಿದರು. ತಂದೆಯ ಆಸ್ತಿಯಲ್ಲಿ ತನಗೆ ಯಾವ ಹಕ್ಕೂ ಇಲ್ಲ, ತನ್ನ ಪಾಲಿಗೆ ತಕ್ಕ ಹಣವನ್ನು ಅಣ್ಣನಿಂದ ಈಗಾಗಲೇ ಪಡೆದಿದ್ದೇನೆ, ಮುಂದೆ ತಾನಾಗಲಿ ಮಕ್ಕಳಾಗಲಿ ಕೇಳುವುದಿಲ್ಲ. ಹಣ ಪಡೆದ ಮಾತು ಬಂದಾಗ ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನನಗೂ ಅದು ಹೊಸ ಸುದ್ದಿ. ಆದರೆ ಹೊಸ ಸುದ್ದಿ ಅಂತ ಹೇಳಿದರೆ ನಂಬುವವರು ಯಾರು?

ಅತ್ತೆ ಪತ್ರ ಮಡಚಿದಳು. "ಅವ್ವ ಚೆನ್ನಾಗವ್ಳಾ?" ಅಂದಳು. ನಾನು ತಲೆ ಆಡಿಸಿದೆ. "ಅಷ್ಟ್ ಸಾಕು ಬುಡು" ಅಂದಳು. ಆಮೇಲೆ ನಿಧಾನವಾಗಿ ಊಟ ಮಾಡಿದಳು.

ಕಾಲು ಊದಿದ್ದರಿಂದ ಎರಡು ದಿನ ಬಿಟ್ಟು ಹತ್ತಿದೆವು. ಅವಳೂ ಬಂದಳು. ಹತ್ತುವಾಗ ಜಲ್ಲಿಯ ಜಾಗದಲ್ಲಿ ನನ್ನ ಚೀಲವನ್ನೂ ಅವಳೇ ಹೊತ್ತಳು. ಮನೆ ಮುಂದೆ ಅಜ್ಜಿ ರಾಗಿ ತೂರುತ್ತಿದ್ದಳು. ಮಗಳನ್ನು ಕಂಡು ಮೊರ ಕೆಳಗಿಟ್ಟಳು. ಅವತ್ತು ಸಂಜೆ, ಅಜ್ಜಿಯ ಎದುರಿಗೆ, ಅತ್ತೆ ತಾನಾಗಿಯೇ ಶಾಯಿ ಡಬ್ಬಿ ಕೇಳಿ ಹೆಬ್ಬೆಟ್ಟು ಹಾಕಿದಳು. "ಬಾವಿ ತೆಗ್ಸು. ಆದ್ರೆ ವರ್ಸಕ್ಕೊಂದು ಹತ್ ಸೇರು ನನ್ನ ಹೊಲದ್ ರಾಗಿ ಈ ಹುಡುಗ್ನೇ ತಂದ್ಕೊಡ್ಬೇಕು" ಅಂದಳು. ಅಪ್ಪ ಹೂಂ ಅಂದ. ಅಜ್ಜಿ ಅಪ್ಪನ ಜೊತೆ ಯುಗಾದಿಯವರೆಗೆ ಮಾತಾಡಲಿಲ್ಲ.

ರಾಗಿ ಹೊತ್ತು ನಾಲ್ಕು ವರ್ಷ ಇಳಿದೆ. ಆ ವರ್ಷಗಳಲ್ಲೇ ನಾನು ಹಟ ಹಿಡಿದು ತಮಿಳು ಓದಲು ಕಲಿತೆ. ಆಮೇಲೆ ವೀರಪ್ಪನ ಕಾಲ ಬಂತು. ಹೆಗಲ ಮೇಲೆ ಧಾನ್ಯದ ಮೂಟೆ ಹೊತ್ತು ಕಾಡಿನಲ್ಲಿ ನಡೆಯುವವನನ್ನು ಯಾರು ಬಿಡುತ್ತಾರೆ? ಅವನಿಗೆ ಅನ್ನ ಕೊಂಡೊಯ್ಯುತ್ತಿದ್ದೀಯಾ ಅಂತ ಪೊಲೀಸರು, ಪೊಲೀಸರ ಕಡೆಯವನಾ ಅಂತ ಅವನು. 2000ದ ಜುಲೈ 30ರಂದು ನಮ್ಮ ಪಕ್ಕದ ಗಾಜನೂರಿನಿಂದ ರಾಜಕುಮಾರರನ್ನೇ ಎತ್ತಿಕೊಂಡು ಹೋಗಿ 108 ದಿನ ಇಟ್ಟುಕೊಂಡ ಮೇಲಂತೂ ಕಾಡಿನ ಕಡೆ ಮುಖ ಮಾಡಲೂ ಜನ ಹೆದರಿದರು. ಅವನು 2004ರಲ್ಲಿ ಸತ್ತ. 2008ರಲ್ಲಿ ಕಾಡು ವನ್ಯಧಾಮ ಆಯಿತು, 2013ರಲ್ಲಿ ಹುಲಿ ರಕ್ಷಿತ ಪ್ರದೇಶ. ಕಾಲುದಾರಿಗೆ ಹೋಗಕೂಡದು. ಹುಲಿಗೆ ಜಾಗ ಬೇಡ ಅಂತ ನಾನು ಹೇಳುವುದಿಲ್ಲ. ದಾರಿಯನ್ನು ಲಂಟಾನ ಮುಚ್ಚಿದೆ ಅಂತ ಕೇಳಿದ್ದೇನೆ. ದೊಡ್ಡಿ ತಾತ ಅದಕ್ಕೂ ಬಹಳ ಮೊದಲೇ ಹೋದ.

ಕಳೆದ ಬೇಸಿಗೆಯಲ್ಲಿ ಬಸ್ಸಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಹತ್ತು ಸೇರು ರಾಗಿ ಒಯ್ದೆ. ಅದು ನಮ್ಮ ಹೊಲದ್ದಲ್ಲ. ಬಾವಿ ಬಂದ ಮೇಲೆ ಹೊಲಕ್ಕೆ ಕೋಸು, ಬೀಟ್‌ರೂಟು ಬಂತು, ರಾಗಿ ಹಾಕುವುದು ಬಿಟ್ಟು ಎಷ್ಟೋ ವರ್ಷ. ತಾಳವಾಡಿ ಸಂತೆಯಲ್ಲಿ ಕೊಂಡದ್ದು. ಅತ್ತೆಗೆ ಹಾಗೇ ಹೇಳಿದೆ. ಅವಳು ಬೊಗಸೆಗೆ ಸುರಿದುಕೊಂಡು ನೋಡಿ, ಕಲ್ಲಿದೆ ಅಂದಳು.

ಈಗ ಆ ಊರನ್ನೇ ಎತ್ತಿಸುವ ಮಾತು ನಡೆದಿದೆ. ಕುಟುಂಬಕ್ಕೆ 15 ಲಕ್ಷ ರೂಪಾಯಿ, ಕಾಡು ಬಿಟ್ಟು ಹೊರಕ್ಕೆ. ಆಸ್ಪತ್ರೆ, ಶಾಲೆ, ಕೆಲಸ ಅಂತ ಹುಡುಗರಿಗೆ ಹೋಗುವ ಮನಸ್ಸು, ಅವರದು ತಪ್ಪಲ್ಲ. ಅತ್ತೆಯ ಮಗ ಒಂದು ಕಾಗದ ತಂದು ನನ್ನ ಮುಂದೆ ಇಟ್ಟ. ತಮಿಳಿನಲ್ಲಿತ್ತು. ಅತ್ತೆ ಗೋಡೆಗೆ ಒರಗಿ ಕೂತಿದ್ದವಳು, "ಅವನ್ ಓದ್ಲಿ. ಅವ್ನ್‌ಗೆ ಈಗ ಬತ್ತದೆ" ಅಂದಳು. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಎಲ್ಲೂ ಬಿಡಲಿಲ್ಲ. ಮುಗಿದ ಮೇಲೆ ಅವಳು ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡುತ್ತಿದ್ದು, "ಇನ್ನೊಂದ್ ದಪ ಓದು" ಅಂದಳು. ಓದಿದೆ. ಅಷ್ಟರಲ್ಲಿ ಆಚೆ ದಡದಲ್ಲಿ ಬಸ್ಸಿನವನು ಹಾರನ್ ಹೊಡೆದ. ಕಾಗದವನ್ನು ಅವಳ ಕೈಗೆ ಕೊಟ್ಟು ಪರಿಸಲು ಹತ್ತಿದೆ.